ಗಂಡನೊಬ್ಬ ಕೇಳದ ನಳಿಗೆ

ಮೊಂಟಾನಾದ ಆ ಕಣಿವೆಯಲ್ಲಿ ಬಂದೂಕಿದ್ದ ಮನೆಯಲ್ಲೆಲ್ಲ ಅರ್ಲೀನ್ ಕೊರೆದ ನಳಿಗೆ ಇತ್ತು, ಅವಳ ಸ್ವಂತ ಗಂಡ ಓರಿನ್‌ನ ಬಂದೂಕೊಂದನ್ನು ಬಿಟ್ಟು. ದೀಪದ ಬುಡದಲ್ಲೇ ಕತ್ತಲೆ! ಅವನದು ಅಪ್ಪ ಗಸ್ ಕೊರೆದ ನಳಿಗೆ. ಅರ್ಲೀನಳಿಗೆ ಆ ವಿದ್ಯೆ ಕಲಿಸಿದ್ದೂ ಇದೇ ಗಸ್ ಮಾವನೇ. ಅವನು ತೀರಿಕೊಂಡ ಮೇಲೆ ಕೊರೆಯುವ ಯಂತ್ರ ಸೊಸೆಗೆ ಬಂತು, ಬಂದೂಕು ಮಗನಿಗೆ. ಊರವರು ತಿಂಗಳುಗಟ್ಟಲೆ ಕಾದು ಅವಳಿಂದ ನಳಿಗೆ ಒಯ್ಯುತ್ತಿದ್ದರು. ಗಂಡ ಮಾತ್ರ ಒಂದು ದಿನವೂ ಕೇಳಲಿಲ್ಲ. ಅರ್ಲೀನ್ ಅದನ್ನು ನಗೆಯಲ್ಲಿ ತೇಲಿಸುತ್ತಿದ್ದಳು, ಆದರೆ ನೋವಂತೂ ಇತ್ತು.

ನಳಿಗೆಯ ಒಳಮೈಗೆ ಸುರುಳಿ ಗೀರು ಕೊರೆಯುವುದು ಅವಳ ಕಸುಬು. ಆ ಗೀರು ಹಿಡಿದೇ ಗುಂಡು ಬುಗುರಿಯಂತೆ ತಿರುಗುತ್ತ ಹೊರಬೀಳುತ್ತದೆ. ಗುಂಡು ಉದ್ದವಾದಷ್ಟೂ ಜೋರಾಗಿ ತಿರುಗಬೇಕು, ಸುರುಳಿ ಬಿಗಿಯಾಗಿರಬೇಕು. ಗಸ್‌ನ ಕಾಲದಲ್ಲಿ ಗುಂಡು ಗಿಡ್ಡ, ಸುರುಳಿ ಸಡಿಲ. ಈಗ ಗಾಳಿಗೆ ಅಷ್ಟಾಗಿ ಜಗ್ಗದ ಉದ್ದ ಗುಂಡುಗಳು ಬಂದಿದ್ದವು. ಗೆದ್ದವರಿಗೆ ಟರ್ಕಿ ಕೋಳಿ ಕೊಡುವ ನವೆಂಬರಿನ ಗುರಿ ಹೊಡೆಯುವ ಪಂದ್ಯಕ್ಕೆ ಓರಿನ್ ಅವನ್ನೇ ತುಂಬಿಟ್ಟ.

"ಆ ನಳಿಗೆಗೆ ಈ ಗುಂಡು ಒಗ್ಗಲ್ಲ ಕಣೋ," ಎಂದಳು ಅರ್ಲೀನ್.

"ಬೇಸಿಗೇಲಿ ಬೆಟ್ಟದ ಮೇಲೆ ಹೊಡೆದು ನೋಡಿದೀನಿ. ಎಲ್ಲಾ ದುಂಡನೆ ತೂತು! ಅಪ್ಪನ ಕೈ ಅಂದ್ರೆ ಸುಮ್ನೇನಾ?"

"ಬೆಟ್ಟದ ಮೇಲೆ ಗಾಳಿ ತೆಳು, ಅದಕ್ಕೇ ಹೆಂಗೋ ಬಚಾವಾದೆ. ಇಲ್ಲಿ ಚಳೀಲಿ ಗಾಳಿ ಗಟ್ಟಿ. ಎದುರಿಂದ ತಳ್ಳತ್ತೆ, ಗುಂಡು ಮಗುಚ್ಕೊಳ್ಳತ್ತೆ."

"ಗಿರಾಕಿ ಹಿಡಿಯೋ ಮಾತೆಲ್ಲ ನನ್ ಹತ್ರ ಬೇಡ."



ಪಂದ್ಯದ ದಿನ ಮೂಗು ಉದುರುವಂಥ ಚಳಿ. ಓರಿನ್ ಹೊಡೆದ. ನೆರೆಮನೆಯ ಡ್ವೇನ್ ಗುರಿಯ ಕಾಗದ ತಂದು ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದ. ತೂತುಗಳೆಲ್ಲ ಉದ್ದುದ್ದ, ಗುಂಡುಗಳು ಅಡ್ಡಡ್ಡ ಹೋಗಿ ಬಡಿದಿದ್ದವು.

"ಏನೋ ಓರಿನ್, ಗುಂಡು ಹೊಡೆದ್ಯೋ, ಚಮಚ ಎಸೆದ್ಯೋ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವ ಹಕ್ಕು ಎಲ್ಲರಿಗಿಂತ ಹೆಚ್ಚು ಇದ್ದದ್ದು ಅರ್ಲೀನಳಿಗೆ, ಆದರೆ ಗಂಡನ ಕೆಂಪೇರಿದ ಕಿವಿ ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಮನೆಗೆ ಬರುವ ದಾರಿಯುದ್ದಕ್ಕೂ "ನಾನು ಹೇಳಿರಲಿಲ್ವಾ" ಎಂಬ ಮಾತನ್ನು ನುಂಗಿಕೊಂಡು ಕೂತಳು. ಹೆಂಡತಿಯಾದವಳಿಗೆ ಅದೇನು ಸಣ್ಣ ಕಷ್ಟವಲ್ಲ.

ಮನೆಯಂಗಳದಲ್ಲಿ ಓರಿನ್ ಗಾಡಿ ನಿಲ್ಲಿಸಿದ, ಇಳಿಯಲಿಲ್ಲ.

"ಆ ನಳಿಗೆ ಬಿಚ್ಚಿದ್ರೆ ಅಪ್ಪ ಇನ್ನೊಂದ್ ಸಲ ಸತ್ತಂಗೆ ಅನ್ಸ್ತಿತ್ತು ಕಣೇ."

"ಮಾವ ಆಗಿನ ಗುಂಡಿಗೆ ಸರಿಯಾಗೇ ಕೊರೆದಿದ್ರು. ತಪ್ಪು ನಿಂದು, ಅವ್ರದಲ್ಲ."

ಅವನು ಅವಳ ಕಡೆ ತಿರುಗಿ, "ನಂಗೂ ಒಂದು ಕೊರೆದು ಕೊಡ್ತೀಯಾ?" ಎಂದ.

ಅರ್ಲೀನ್ ಗಾಡಿಯ ಬಾಗಿಲು ತೆರೆದಳು. "ಸರದಿ ಇದೆ. ಎಲ್ರ ಹಂಗೆ ಕಾಯ್ಬೇಕು. ಬೇಸಿಗೆ ಕಳೀಲಿ, ನೋಡೋಣ."

ಗಾಡಿಯಿಂದಿಳಿದವಳು ಮನೆಯೊಳಗೆ ಹೋಗಲಿಲ್ಲ. ನೇರ ಅಂಗಳದಾಚೆಯ ತನ್ನ ಕಾರ್ಖಾನೆಗೆ ನಡೆದು, ಕೋಟೂ ಬಿಚ್ಚದೆ, ಇದ್ದುದರಲ್ಲೇ ಒಳ್ಳೆಯ ಉಕ್ಕಿನ ಸಲಾಕೆ ಆರಿಸತೊಡಗಿದಳು.

"ಊಟ?" ಎಂದು ಓರಿನ್ ಅಡುಗೆಮನೆಯಿಂದ ಕೂಗಿದ.

"ನೀನೇ ಮಾಡ್ಕೋ!" ಎಂದು ಯಂತ್ರ ಚಾಲೂ ಮಾಡಿದಳು.