ಮಂಗಳವಾರದ ವಿಮಾನ

ನಾನು ಹಟಮಾರಿ ಎಂದು ಸಿರುಗುಪ್ಪದ ನನ್ನ ಗಂಡನ ಮನೆಯವರು ಇಂದಿಗೂ ಹೇಳುತ್ತಾರೆ. ಹೇಳಲಿ. ಆ ಹಟದ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದೇಕೆ?

ಆಗ ನನ್ನ ಮಗಳು ಉಕ್ರೇನಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಗಡಿಯಲ್ಲಿ ಸೈನ್ಯ ಸೇರುತ್ತಿದೆ ಎಂದು ವಾರಗಟ್ಟಲೆ ಸುದ್ದಿ ಬರುತ್ತಿತ್ತು. ವಿದ್ಯಾರ್ಥಿಗಳು ಸದ್ಯಕ್ಕೆ ಊರಿಗೆ ಮರಳುವುದು ಒಳ್ಳೆಯದು ಎಂದು ಕಡೆಗೆ ನಮ್ಮ ಸರ್ಕಾರವೂ ಹೇಳಿತು. ಕಾಲೇಜು ಮಾತ್ರ ತರಗತಿ ನಿಲ್ಲಿಸಲಿಲ್ಲ. ಹಾಜರಿ ಕಡಿಮೆಯಾದರೆ ವರ್ಷವೇ ಹೋದೀತು ಎಂದು ಮಗಳು ಅಲ್ಲಿ ಒದ್ದಾಡುತ್ತಿದ್ದಳು. ಇಲ್ಲಿ ಬಳ್ಳಾರಿಯ ಗಾಂಧಿನಗರದ ಮನೆಯಲ್ಲಿ ನಾನು ಟಿವಿಯ ಮುಂದಿನಿಂದ ಏಳುತ್ತಿರಲಿಲ್ಲ.

ನನ್ನವರಿಗೆ ಅವರಣ್ಣ ಹೇಳಿದ್ದೇ ವೇದ. ಆ ಅಣ್ಣ, ಅಂದರೆ ನನ್ನ ಭಾವ, ಸಿರುಗುಪ್ಪದಲ್ಲಿ ಭತ್ತದ ಗದ್ದೆ ನೋಡಿಕೊಂಡಿರುವವರು. ಮಗಳನ್ನು ಕರೆಸಿಕೊಳ್ಳುವ ವಿಷಯ ನಾನು ತೆಗೆದರೆ ಫೋನಿನಲ್ಲೇ ನಕ್ಕುಬಿಟ್ಟರು.

“ಟಿವಿಯೋರು ದಿನಕ್ಕೊಂದು ಯುದ್ಧ ಮಾಡಸ್ತಾರ. ಸುಮ್ನಿರಮ್ಮ, ಹುಡುಗಿ ವರ್ಷ ಹಾಳಾಗ್ತೈತಿ.”

“ವರ್ಷ ಹೋದ್ರ ಇನ್ನೊಂದು ಬರ್ತೈತ್ರಿ ಭಾವ. ನನ್ನ ಮಗಳು?”

ಸಿಟ್ಟಿನಲ್ಲೇ ಟಿಕೆಟ್ಟು ಹುಡುಕಿಸಿದೆ. ಸಿಕ್ಕಿದ್ದು ಮಂಗಳವಾರದ್ದು, ಬಿಟ್ಟರೆ ಭಾನುವಾರದ್ದು. ಮಂಗಳವಾರ, ಶುಕ್ರವಾರ ಮನೆಮಗಳನ್ನು ಹೊರಗೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಭಾವನಿಗೆ ಅಷ್ಟೇ ಸಾಕಾಯಿತು. “ಮಂಗಳವಾರ ಹೆಣ್ಣುಮಗಳು ದಾರಿ ಹಿಡೀಬಾರ್ದು, ಭಾನುವಾರದ್ದ ತಗೋರಿ” ಎಂದರು. ನನ್ನವರು ತಲೆಯಾಡಿಸಿದರು.

ನಾನು ಬಸ್ಸು ಹತ್ತಿ ತವರಿಗೆ, ಕುರುಗೋಡಿಗೆ ಹೋದೆ. ವಾರದ ವಿಷಯದಲ್ಲಿ ನಮ್ಮವ್ವನಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿಲ್ಲ. ಒಮ್ಮೆ ನನ್ನವರಿಗೆ ಜ್ವರ ಬಂದಿದೆ ಎಂದು ಗೋಗರೆದರೂ ಮಂಗಳವಾರ ನನ್ನನ್ನು ಹೊಸ್ತಿಲು ದಾಟಿಸಿರಲಿಲ್ಲ. ಅಂಥವಳು ನನ್ನ ಮಾತು ಕೇಳಿ, ಮೊರದಲ್ಲಿದ್ದ ಜೋಳ ಕೇರುವುದನ್ನು ನಿಲ್ಲಿಸಿ ನನ್ನನ್ನೇ ಬೈದಳು.

“ಆ ಶಾಸ್ತ್ರ ಇರೋದು ಮನಿಯಿಂದ ಕಳಸೋದಕ್ಕ. ಮಗಳು ತನ್ನ ಮನಿಗೆ ಬರಾಕ ಯಾವ ವಾರ ಆದ್ರೇನು? ಇದನ್ನ ಕೇಳಾಕ ಇಲ್ಲಿತನಕ ಬಂದಿಯೇನು? ಮೊದ್ಲ ವಿಮಾನ ಹತ್ತು ಅನ್ನು ಆಕಿಗೆ!”

ಅಲ್ಲಿಂದಲೇ ಭಾವನಿಗೆ ಫೋನು ಹಚ್ಚಿ ಅವ್ವನ ಕೈಗೆ ಕೊಟ್ಟೆ. ಹಿರಿಯಳು ಹೇಳಿದ ಮೇಲೆ ಅವರು ಒಪ್ಪಿದರು; ನನ್ನವರು ಅಂದೇ ಮಂಗಳವಾರದ ಟಿಕೆಟ್ಟು ಮಾಡಿಸಿದರು. ನಮ್ಮವ್ವನನ್ನು ಕಂಡು ಅಂದು ನನಗೆ ಎದೆಯುಬ್ಬಿತು.

ಬುಧವಾರ ಸಂಜೆ ಮಗಳು ಮನೆ ಸೇರಿದಳು. ಹಾಜರಿ ಹೋಯಿತೆಂದು ಮುಖ ಊದಿಸಿಕೊಂಡೇ ಉಂಡು ಮಲಗಿದಳು. ಗುರುವಾರ ಬೆಳಿಗ್ಗೆ ಟಿವಿ ಹಚ್ಚಿದರೆ ಅವಳಿದ್ದ ಊರಿನ ಮೇಲೆ ಬಾಂಬು ಬೀಳುತ್ತಿತ್ತು. ಅಷ್ಟರಲ್ಲಿ ಭಾವನ ಫೋನು ಬಂತು. ಮಗಳು ಬಂದ ಸುದ್ದಿ ಹಿಂದಿನ ದಿನವೇ ಅವರಿಗೆ ಮುಟ್ಟಿತ್ತು. ಆದರೂ ಕೇಳಿದರು.

“ಹುಡುಗಿ ಎಲ್ಲದಾಳ?”

“ಒಳಗ ಮಲಗ್ಯಾಳ್ರಿ ಭಾವ.”

“ಎಬ್ಬಿಸಬ್ಯಾಡಮ್ಮ, ಮಲಗ್ಲಿ” ಎಂದರು.