ಬಾಯಿಲ್ಲದ ಕಂಪ್ಯೂಟರೂ ಗಂಗಹನುಮಯ್ಯನವರೂ

ಗುಬ್ಬಿಯಲ್ಲಿ ಕ್ರಯಪತ್ರ, ವಿಭಾಗಪತ್ರ ಬರೆಯುವವರು ಹತ್ತಾರು ಮಂದಿ. ಆದರೆ ಆಯುಧಪೂಜೆಯ ದಿನ ಸಿಡಿಗಳಿಗೆ ಅರಿಶಿನ ಕುಂಕುಮ ಇಟ್ಟು ಮಂಗಳಾರತಿ ಎತ್ತುವವರು ಗಂಗಹನುಮಯ್ಯನವರೊಬ್ಬರೇ. ಇಪ್ಪತ್ತು ವರ್ಷಗಳಲ್ಲಿ ಕೊಂಡ ಪ್ರತಿ ಯಂತ್ರದ ಜೊತೆ ಬಂದ ಸಿಡಿಯೂ ಅವರ ಚಕ್ಕುಲಿ ಡಬ್ಬಿಯಲ್ಲಿದೆ. ಮುಚ್ಚಳ ತೆಗೆದ ಸದ್ದು ಕೇಳಿದರೆ ಸಾಕು, ಸತ್ತ ಪ್ರಿಂಟರು ಎದ್ದು ಕೂತು ಕಾಗದ ಬೇಡುತ್ತಿತ್ತಂತೆ. ಬೆಳ್ಳಾವಿಯವರೊಬ್ಬರು ಸ್ಕ್ಯಾನರನ್ನು ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಕೂಸಿನಂತೆ ಎತ್ತಿಕೊಂಡು ಬಂದದ್ದನ್ನು ಕಣ್ಣಾರೆ ಕಂಡವರಿದ್ದಾರೆ.

ಇಂಥ ವೀರರ ಮುಂದೆ ಆ ಸೋಮವಾರ ಬೆಳಗ್ಗೆ ಹಾಗಲವಾಡಿಯ ಮರಿಯಮ್ಮ ಇಬ್ಬರು ತಮ್ಮಂದಿರನ್ನು ತಂದು ಕೂರಿಸಿದರು. ಹನ್ನೆರಡು ವರ್ಷ ಗೋಗರೆದ ಮೇಲೆ, ಅಕ್ಕನ ಪಾಲಿಗೆ ಒಂದೆಕರೆ ಬರೆದುಕೊಡಲು ಅವರು ಒಪ್ಪಿದ್ದರು. ನೋಂದಣಿಗೆ ಸರದಿ ಮೂರೂವರೆಗೆ. ಪತ್ರ ಪೆನ್‌ಡ್ರೈವಿನಲ್ಲಿ ಸಿದ್ಧವಿತ್ತು. ಪ್ರಿಂಟು ತೆಗೆದು ಸಹಿ ಹಾಕಿಸುವುದಷ್ಟೇ ಬಾಕಿ.

ಆದರೆ ಹಳೆಯ ಕಂಪ್ಯೂಟರ್ ಶನಿವಾರವೇ ತೀರಿಕೊಂಡಿತ್ತು. ತುಮಕೂರಿನಿಂದ ತಂದ ಹೊಸದಕ್ಕೆ ಪ್ರಿಂಟರಿನ ಪರಿಚಯವಿಲ್ಲ. ಪರಿಚಯ ಮಾಡಿಸುವ ಡ್ರೈವರ್ ಇರುವುದು ಸಿಡಿಯಲ್ಲಿ. ಗಂಗಹನುಮಯ್ಯ ಸಿಡಿ ತೆಗೆದು, ಕಣ್ಣಿಗೊತ್ತಿಕೊಂಡು, ಪೆಟ್ಟಿಗೆಯ ಮುಂದೆ ಹಿಡಿದರು. ಹಾಕಲು ಕಂಡಿಯೇ ಇಲ್ಲ! ಎಡಕ್ಕೆ, ಬಲಕ್ಕೆ, ಬೆನ್ನಿಗೆ ತಡವಿದರು. ಮನೆಗೆ ತಂದ ಮೇಲೆ ಎಮ್ಮೆಗೆ ಕೆಚ್ಚಲಿಲ್ಲವೆಂದು ಕಂಡವನಂತಾಯಿತು ಅವರ ಮುಖ.

ಅಂಗಡಿಗೆ ಫೋನು ಹಚ್ಚಿದರು.

“ಈಗಿನ್ ಸಿಸ್ಟಮ್‌ಗೆ ಸಿಡಿ ಡ್ರೈವ್ ಬರಲ್ಲ ಸಾರ್. ನೆಟ್ಟಿಂದ ಇಳಿಸ್ಕಳಿ.”

“ನೆಟ್ ತಗೋತಿಲ್ಲ ಕಣಪ್ಪ.”

“ವೈಫೈ ಡ್ರೈವರ್ ಹಾಕ್ಬೇಕು ಸಾರ್.”

“ಅದೆಲ್ಲಿದೆ?”

“ಬಾಕ್ಸಲ್ಲಿ ಒಂದ್ ಸಿಡಿ ಇದ್ಯಲ್ಲ, ಅದ್ರಲ್ಲಿ.”

ದೊಡ್ಡ ತಮ್ಮ ಚಿಕ್ಕರಂಗಯ್ಯ ಪಂಚೆ ಕೊಡವಿ ಎದ್ದ. “ಇನ್ನೊಂದಿನ ಬರಾನ ಬುಡಕ್ಕ.”

ಇನ್ನೊಂದು ದಿನವೆಂದರೆ ಇನ್ನು ಹನ್ನೆರಡು ವರ್ಷ ಎಂಬುದು ಮರಿಯಮ್ಮನಿಗೆ ಗೊತ್ತು. “ಕೂತ್ಕಳ್ಲಾ, ಬಿಸಿ ಬೋಂಡ ತರ್ಸಿವ್ನಿ!”

ಗಂಗಹನುಮಯ್ಯ ಪ್ರಿಂಟರಿನ ಸಿಡಿಯನ್ನೂ ಪೆನ್‌ಡ್ರೈವನ್ನೂ ಹಿಡಿದು ಮೈಕ್‌ಸೆಟ್ ಅಂಗಡಿಯ ತಿಮ್ಮೇಶನ ಹಳೆಯ ಲ್ಯಾಪ್‌ಟಾಪಿನ ಮೇಲೆ ದಂಡೆತ್ತಿ ಹೋದರು. ಅದಕ್ಕೆ ಸಿಡಿ ನುಂಗುವ ಬಾಯಿತ್ತು. ಸಿಡಿಯೊಳಗೆ ಹನ್ನೊಂದು ಫೋಲ್ಡರು, ಒಂದು ‘ಸೆಟಪ್’.

“ಎಲ್ಲಾ ಪೆನ್‌ಡ್ರೈವ್‌ಗೆ ಹಾಕ್ಲಾ ಅಣ್ಣ?”

“ಬ್ಯಾಡ ಕಣೋ, ಮಿಕ್ಕಿದ್ದೆಲ್ಲ ಯಾವ್ದೋ ದೇಶದ ಭಾಷೆ. ಸೆಟಪ್ ಒಂದ್ ಸಾಕು.”

ತಂದು ಒತ್ತಿದರೆ ಕಂಪ್ಯೂಟರು ಆ ಮಿಕ್ಕಿದ್ದನ್ನೇ ಕೇಳಿತು. ಮತ್ತೆ ಓಡಿದರೆ ತಿಮ್ಮೇಶ ಅಂಗಡಿಗೆ ಬೀಗ ಜಡಿದು, ಯಾರದೋ ನಾಮಕರಣಕ್ಕೆ ಮೈಕ್ ಕಟ್ಟಲು ಹೋಗಿದ್ದ.

ಮೂರು ಗಂಟೆ. ತಮ್ಮಂದಿರಿಗೆ ಬೋಂಡವೂ ಸಾಕಾಗಿತ್ತು. ಗಂಗಹನುಮಯ್ಯ ಕೈಕಟ್ಟಿಕೊಂಡು ಪರದೆಯನ್ನೇ ನೋಡುತ್ತ ಕೂತರು. ಆಗ ಪಕ್ಕದ ಅಂಗಡಿಯಿಂದ ಪ್ರಿಂಟರಿನ ಸದ್ದು ಬಂತು. ಅಂಗಡಿ ಆಶಾರಾಣಿಯದು. ಇವರಲ್ಲೇ ಟೈಪಿಂಗ್ ಕಲಿತವಳು. ನಾಲ್ಕು ವರ್ಷದ ಹಿಂದೆ ಸ್ವಂತ ಬೋರ್ಡು ಹಾಕಿದಾಗ, “ವಾರದಲ್ಲಿ ಬಾಗ್ಲು ಹಾಕ್ತಾಳೆ ನೋಡ್ತಿರಿ” ಎಂದು ಇವರು ಬೀದಿಗೆಲ್ಲ ಸಾರಿದ್ದರು. ಅಂದಿನಿಂದ ಆ ಕಡೆ ತಿರುಗಿ ನೋಡಿರಲಿಲ್ಲ.

ಚಿಕ್ಕರಂಗಯ್ಯ ಚಪ್ಪಲಿ ಮೆಟ್ಟಿದ. ಮರಿಯಮ್ಮ ಗಂಗಹನುಮಯ್ಯನವರ ಮುಖ ನೋಡಿದರು.

ಗಂಗಹನುಮಯ್ಯ ಪೆನ್‌ಡ್ರೈವ್ ಕಿತ್ತುಕೊಂಡು ಎದ್ದರು. ಆರು ಹೆಜ್ಜೆ. ತಲೆ ಎತ್ತದೆ ಅದನ್ನು ಚಾಚಿದರು.

“ಎಷ್ಟ್ ಕಾಪಿ ಸಾರ್?” ಎಂದಳು ಆಶಾರಾಣಿ, ಅಷ್ಟೇ.

ಮೂರೂ ಇಪ್ಪತ್ತಕ್ಕೆ ಸಹಿಗಳು ಬಿದ್ದವು. ನಾಲ್ಕಕ್ಕೆ ನೋಂದಣಿ ಮುಗಿಯಿತು. ಮರಿಯಮ್ಮ ಪತ್ರವನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ ಕೇಳಿದರು: “ಪಕ್ಕದಾಗೇ ಇತ್ತಲ್ಲ ಸ್ವಾಮಿ, ಬೆಳಗ್ಗೇನೇ ಯಾಕ್ ಹೋಗ್ಲಿಲ್ಲ?”

“ನಾಚ್ಕೆ ಆಯ್ತು ಕಣವ್ವ.”