ಕೆನ್ನೆಯೊಳಗಿನ ಕರೆಂಟು

ಮೊದಲ ಸಲ ಅದು ಹೊಡೆದಾಗ ನನ್ನ ಬಾಯಲ್ಲಿ ನೂಲಿತ್ತು.

ಬನಹಟ್ಟಿಯ ನಮ್ಮ ಮನೆಯ ಹಿಂಭಾಗದಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿವೆ. ಮಗ್ಗ ನಡೆಸುವವರು ನಮ್ಮ ಯಜಮಾನರು. ನೂಲನ್ನು ಸಣ್ಣ ಕಡ್ಡಿಗೆ ಸುತ್ತಿ ಕಂಡಿಕೆ ಮಾಡಿ, ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯಲ್ಲಿ ಕೂರಿಸಿ ಕೊಡುವವಳು ನಾನು. ಲಾಳಿಯ ಪಕ್ಕದಲ್ಲಿ ಒಂದು ಸಣ್ಣ ತೂತಿರುತ್ತದೆ. ಒಳಗಿನ ನೂಲಿನ ತುದಿ ಅಲ್ಲಿಂದ ಹೊರಬರಬೇಕಾದರೆ ತೂತಿಗೆ ತುಟಿ ಹಚ್ಚಿ ಉಸಿರು ಒಳಗೆಳೆಯಬೇಕು. ಅದಕ್ಕೆ ಕೊಕ್ಕೆಯೂ ಇದೆ, ಆದರೆ ಬಾಯಿ ಇರುವಾಗ ಕೊಕ್ಕೆಯನ್ನು ಯಾರು ಹುಡುಕುತ್ತಾರೆ? ಅವತ್ತೂ ತುಟಿ ಮುಂದೆ ಮಾಡಿ ಎಳೆದೆ. ಬಲಗೆನ್ನೆಯಿಂದ ಮೂಗಿನ ಪಕ್ಕದವರೆಗೆ ಝಗ್ ಅಂತ ಹೊಡೆಯಿತು. ಲಾಳಿ ಎಲ್ಲೋ, ನಾನು ಎಲ್ಲೋ.

"ಮಗ್ಗ ಬಂದ್ ಮಾಡ್ರಿ! ಕರೆಂಟ್ ಹೊಡೀತು!"

ಯಜಮಾನರು ಮೇನ್ ಸ್ವಿಚ್ ಇಳಿಸಿ ಓಡಿ ಬಂದರು. "ಎಲ್ಲಿ ಮುಟ್ಟಿದಿ ಬೇ?"

"ಎಲ್ಲೂ ಮುಟ್ಟಿಲ್ರಿ. ಲಾಳಿಗೆ ಬಾಯಿ ಹಚ್ಚಿದ್ನಿ."

"ಲಾಳಿ ಕಟಗೀದು. ಕಟಗ್ಯಾಗ ಕರೆಂಟ್ ಹೆಂಗ ಬರ್ತೈತಿ?"

"ಅದನ್ನ ಕರೆಂಟಿಗೇ ಕೇಳ್ರಿ."

ವೈರ್‌ಮನ್ ಬಂದ. ಮೇನ್ ಸ್ವಿಚ್ ಏರಿಸಿ, ಟೆಸ್ಟರ್ ಹಿಡಿದು ಮಗ್ಗದ ಕಾಲು, ಮೋಟರು, ಕೊನೆಗೆ ನಾನು ಕೂರುವ ಕಬ್ಬಿಣದ ಸ್ಟೂಲನ್ನೂ ಮುಟ್ಟಿ ನೋಡಿದ. ಎಲ್ಲೂ ದೀಪ ಹತ್ತಲಿಲ್ಲ. ಸ್ವಿಚ್ ಮತ್ತೆ ಇಳಿಸಿದ.

"ಅರ್ಥಿಂಗ್ ಛಲೋ ಐತ್ರಿ ಮುತ್ಯಾ" ಎಂದು ಯಜಮಾನರಿಗೆ ಹೇಳಿ, ನನ್ನ ಕಡೆ ನೋಡಿ ನಕ್ಕ. "ಆಯಿಗೇ ಟೆಸ್ಟರ್ ಹಚ್ಚಿ ನೋಡ್ಲೇನ್ರಿ?"

"ಹಚ್ಚೋ. ದೀಪ ಹತ್ತಿದ್ರ ನಿಮ್ಮ ಓಣಿಗೆಲ್ಲಾ ನಾನ ಕರೆಂಟ್ ಕೊಡ್ತೀನಿ" ಅಂದೆ. ಮಾತು ಮುಗಿಯುವುದರೊಳಗೆ ಮತ್ತೆ ಹೊಡೆಯಿತು. ಈ ಸಲ ಮೇನ್ ಸ್ವಿಚ್ ಕೆಳಗೇ ಇತ್ತು.

ಅಲ್ಲಿಗೆ ಪಾಪ, ಮಗ್ಗದ ತಪ್ಪಿಲ್ಲ ಎಂದು ಗೊತ್ತಾಯಿತು.

ಆಮೇಲೆ ಅದು ತನಗೆ ಬೇಕಾದಾಗ ಬರತೊಡಗಿತು. ಮುಖಕ್ಕೆ ತಣ್ಣೀರು ಹಾಕಿದರೆ, ಫ್ಯಾನಿನ ಗಾಳಿ ಕೆನ್ನೆಗೆ ಸೋಕಿದರೆ, ಜೋಳದ ರೊಟ್ಟಿಯ ತುತ್ತು ಅಗಿದರೆ. ಬಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲೇ ಜೀವ ಬಾಯಿಗೆ ಬರುತ್ತಿತ್ತು. ಹೋದ ಮೇಲೆ ನೋಡಿದರೆ ಏನೂ ಇಲ್ಲ. ಬಾವಿಲ್ಲ, ಕೆಂಪಿಲ್ಲ, ಜ್ವರವಿಲ್ಲ. ಸೊಸೆ ಗಾಳಿ ಹೊಕ್ಕಿದೆ ಎಂದು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಲು ಬಂದಳು. ಬಟ್ಟೆ ಕೆನ್ನೆಗೆ ತಾಗಿದ್ದೇ ತಡ, ನಾನು ಕೂಗಿದ ಕೂಗಿಗೆ ಗಂಟು ಅವಳ ಕೈಯಿಂದ ಬಿದ್ದು ಮನೆಯೆಲ್ಲ ಉಪ್ಪಾಯಿತು.

ಬಲಗಡೆ ಮೇಲೆ ಒಂದು ಹಲ್ಲು ಅರ್ಧ ಮುರಿದಿತ್ತು. ಕಳ್ಳ ಸಿಕ್ಕ ಅಂದುಕೊಂಡೆ. ಜಮಖಂಡಿಗೆ ಹೋಗಿ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹಟ ಮಾಡಿ ಕೀಳಿಸಿಕೊಂಡು ಬಂದೆ. ಇಂಜೆಕ್ಷನ್ನಿನ ಜೋಮು ಇರುವವರೆಗೆ ಸ್ವರ್ಗ. ಜೋಮು ಇಳಿದ ಮೇಲೆ ಹಲ್ಲಿಲ್ಲದ ಜಾಗದಲ್ಲೂ ಅದೇ ಕರೆಂಟು.

ಇಷ್ಟಾದರೂ ಸಹಿಸುತ್ತಿದ್ದೆನೇನೋ. ಆದರೆ ಅದು ನನ್ನ ಅಕ್ಕನವರೆಗೆ ಹೋಯಿತು.

ಅಕ್ಕ ಇರುವುದು ರನ್ನ ಬೆಳಗಲಿಯಲ್ಲಿ, ಮಗ ಸೊಸೆಯ ಜೊತೆ. ಅವಳಿಗೆ ಕಣ್ಣು ಹೋಗಿ ಬಹಳ ವರ್ಷವಾಯಿತು. ಈಗ ಕೈಯಿಂದಲೇ ನೋಡುತ್ತಾಳೆ. ನಾನು ಹೋದಾಗೆಲ್ಲ ಎರಡೂ ಅಂಗೈಯಲ್ಲಿ ನನ್ನ ಮುಖ ಹಿಡಿದು, ಹಣೆಯಿಂದ ಗದ್ದದವರೆಗೆ ಸವರಿ, ನಾನು ಸೊರಗಿದ್ದೇನೋ ಊದಿದ್ದೇನೋ ಎಂದು ತೀರ್ಪು ಕೊಟ್ಟ ಮೇಲೆಯೇ ಮಾತು. ಆ ಸಲ ನಾನು ಬಂದ ಸಪ್ಪಳಕ್ಕೆ ನಗುತ್ತ ಕೈ ಚಾಚಿದಳು. ಅವಳ ಬೆರಳು ಕೆನ್ನೆಗೆ ಇನ್ನೇನು ತಾಗಬೇಕು, ನಾನು ಆ ಕೈಯನ್ನು ತಳ್ಳಿಬಿಟ್ಟೆ.

"ಮುಟ್ಟಬ್ಯಾಡಾ!"

ಅವಳ ಕೈ ಗಾಳಿಯಲ್ಲೇ ನಿಂತಿತು. "ಕೈ ತೊಳಕೊಂಡೇನಿ ಬೇ ನಾ" ಅಂದಳು, ಮೆಲ್ಲಗೆ.

ಹಾಗಲ್ಲ ಅಕ್ಕ ಎಂದು ಹೇಳಬೇಕಿತ್ತು. ಬಾಯಿ ತೆರೆದರೆ ಮತ್ತೆ ಹೊಡೆಯಿತು. ಸೆರಗು ಮುಖಕ್ಕೆ ಒತ್ತಿಕೊಂಡು ಬಸ್ಸು ಹತ್ತಿ ವಾಪಸ್ ಬಂದೆ.

ಅಲ್ಲಿಂದ ಮಾತು ನಿಂತಿತು. ದೀಪ ಹಚ್ಚಿದ ಮೇಲೆ ದಿನಾಲೂ ಅಕ್ಕನ ಜೊತೆ ಫೋನು ಇರುತ್ತಿತ್ತು, ಎರಡೂ ಊರಿನ ಹೊಲಸು ಸುದ್ದಿಯನ್ನೆಲ್ಲ ತೊಳೆದು ಒಣಗಿಸುತ್ತಿದ್ದೆವು. ಈಗ ದವಡೆ ಆಡಿಸಲಾರೆ. ಕಾಲೇಜಿಗೆ ಹೋಗುವ ಮೊಮ್ಮಗಳು ನನ್ನ ಕೈಗೆ ಫೋನು ಕೊಟ್ಟು ಟೈಪ್ ಮಾಡುವುದನ್ನು ಕಲಿಸಿದಳು. ಮೊದಲು ಕಲಿತದ್ದು ಯಜಮಾನರನ್ನು ಬೈಯುವುದು. ಅವರು ಮಗ್ಗದ ಹತ್ತಿರ, ನಾನು ಒಲೆಯ ಹತ್ತಿರ. ಒಂದು ಬೈಗುಳ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಚಹಾ ಉಕ್ಕಿ ಹೋಗುತ್ತಿತ್ತು. ಅವರು ಅದನ್ನು ಓದಿ ಎದ್ದು ಬಂದು ನನ್ನ ಎದುರಿಗೆ ನಿಲ್ಲುವರು.

"ಇಷ್ಟು ವರ್ಷ ಸುಮ್ಮನಿರು ಸುಮ್ಮನಿರು ಅಂದೇನಿ. ಈಗ ಒಂದ ಸಲ ಬಾಯಿಲೇ ಬೈ ಬೇ. ಮನಿ ಮನಿ ಅನಸವಲ್ದು."

ಅಕ್ಕನಿಗೆ ಓದಲು ಬರುವುದಿಲ್ಲ. ಬಂದರೂ ಕಣ್ಣಿಲ್ಲ. ನಾನು ಬರೆದದ್ದನ್ನು ಫೋನೇ ಓದಿ ಹೇಳುವಂತೆ ಮೊಮ್ಮಗಳು ಮಾಡಿದಳು. ಅಕ್ಕನಿಗೆ ಫೋನು ಹಚ್ಚಿದಾಗ ಯಾವುದೋ ಹೆಣ್ಣಿನ ದನಿ, ಉಸಿರೂ ಎಳೆದುಕೊಳ್ಳದೆ, "ಅಕ್ಕ ನನಗೆ ಕೆನ್ನೆ ನೋವಾಗಿದೆ ಸಿಟ್ಟಾಗಬೇಡ" ಎಂದಿತು. ಆ ಕಡೆಯಿಂದ ಅಕ್ಕ ಕೇಳಿದಳು.

"ಯಾರಕೀ ಕಲತಾಕಿ? ನನ್ನ ತಂಗಿ ಇಷ್ಟು ನಯಾಗಿ ಎಂದೂ ಮಾತಾಡಿಲ್ಲ."

"ದೊಡ್ಡಾಯಿ, ಅದು ಫೋನ್ ಮಾತಾಡಾಕತ್ತೈತಿ. ಆಯಿಗೆ ಗಲ್ಲ ನೂಸ್ತೈತಿ, ಖರೇನ" ಎಂದಳು ಮೊಮ್ಮಗಳು.

"ಗಲ್ಲ ನೂಸಿದ್ರ ಹೂಂ ಅನ್ನಾಕೂ ಬರಂಗಿಲ್ಲೇನು? ಅಕಿ ಸತ್ತಿದ್ರ ಹೇಳ್ರಿ, ಅತ್ತು ಮುಗಸ್ತೀನಿ. ನನ್ನ ಕೈ ಬ್ಯಾಡಾಗಿದ್ರ ಅದನ್ನೂ ಹೇಳ್ರಿ."

ಹೂಂ ಅನ್ನಲು ಹೋದೆ. ತುಟಿ ಅದುರಿತು, ಕರೆಂಟು ಬಂತು, ಫೋನು ಕೈಯಿಂದ ಜಾರಿತು. ಮರುದಿನದಿಂದ ಅಕ್ಕ ಫೋನೇ ಹಿಡಿಯಲಿಲ್ಲ. "ಆ ಕಲತಾಕಿ ಕೂಡ ನೀವ ಮಾತಾಡ್ರಿ" ಎಂದು ತನ್ನ ಸೊಸೆಗೆ ಹೇಳುತ್ತಿದ್ದಳಂತೆ.

ನಾನು ಮತ್ತೆ ಜಮಖಂಡಿಗೆ ಹೋದೆ. ಕುರ್ಚಿಯಲ್ಲಿ ಕೂತು, "ಪಕ್ಕದ್ದನ್ನೂ ತೆಗಿ, ಬೇಕಾದ್ರ ಆ ಸಾಲೇ ತೆಗಿ" ಎಂದು ಟೈಪ್ ಮಾಡಿ ತೋರಿಸಿದೆ. ಡಾಕ್ಟರಮ್ಮ ಸಣ್ಣ ಕನ್ನಡಿಯ ಹಿಡಿಕೆಯಿಂದ ಒಂದೊಂದೇ ಹಲ್ಲು ಬಡಿದರು. ಏನೂ ಆಗಲಿಲ್ಲ. ಆಮೇಲೆ ಹತ್ತಿಯ ಎಳೆ ತೆಗೆದು ಮೂಗಿನ ಪಕ್ಕ ಸುಮ್ಮನೆ ಸೋಕಿಸಿದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಅವರು ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಹಲ್ಲು ತಗಿಯೂದು ನಂಗ ಸುಲಭ ಐತ್ರಿ ಆಯಿ. ಆದ್ರ ಅದರ ಜೋಡಿ ನೋವು ಬರಂಗಿಲ್ಲ. ಇದು ಹಲ್ಲಿಂದಲ್ಲ, ನರದ್ದು. ನಾ ತಗಿಯಂಗಿಲ್ಲ."

ತೆಗೆಯುವುದಿಲ್ಲ ಎಂದ ಆ ತಾಯಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ನನ್ನ ಹಟಕ್ಕೆ ಬಿಟ್ಟಿದ್ದರೆ ಬಾಯಿ ಬಯಲಾಗುತ್ತಿತ್ತು.

ಮುಧೋಳಕ್ಕೆ ವಾರಕ್ಕೊಮ್ಮೆ ಬರುವ ನರದ ಡಾಕ್ಟರ ಹತ್ತಿರ ಅವರೇ ಕಳಿಸಿದರು. ಆ ಡಾಕ್ಟರು ಅವಸರ ಮಾಡಲಿಲ್ಲ. ಎಲ್ಲಿ, ಎಷ್ಟು ಹೊತ್ತು, ಏನು ಮಾಡಿದರೆ ಬರುತ್ತದೆ ಎಂದು ಕೇಳಿದರು. ನಾನು ಟೈಪ್ ಮಾಡಿದೆ, ಯಜಮಾನರು ಓದಿದರು. ಬಾಗಲಕೋಟೆಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿಕೊಂಡು ಬಂದ ಮೇಲೆ ಚಿತ್ರವನ್ನು ಬೆಳಕಿಗೆ ಹಿಡಿದು ಬಿಡಿಸಿ ಹೇಳಿದರು. ಮುಖದ ಒಂದೊಂದು ಕಡೆಗೆ ಒಂದೊಂದು ದೊಡ್ಡ ನರ ಇರುತ್ತದಂತೆ, ಟ್ರೈಜೆಮಿನಲ್ ನರ ಎಂದು. ಅದಕ್ಕೆ ಮೂರು ಕವಲು. ಹಣೆ ಮತ್ತು ಕಣ್ಣಿಗೆ ಒಂದು, ಕೆನ್ನೆ ಮತ್ತು ಮೇಲಿನ ಹಲ್ಲಿಗೆ ಒಂದು, ಕೆಳಗಿನ ದವಡೆಗೆ ಒಂದು. ಬಿಸಿ, ತಂಪು, ಮುಟ್ಟಿದ್ದು, ಚುಚ್ಚಿದ್ದು ಎಲ್ಲ ಸುದ್ದಿಯನ್ನೂ ಮಿದುಳಿಗೆ ಒಯ್ಯುವುದು ಅದೇ. ನನ್ನ ಬಲಗಡೆ ನರಕ್ಕೆ ಮಿದುಳಿನ ಹತ್ತಿರ ಒಂದು ರಕ್ತನಾಳ ಅಂಟಿಕೊಂಡು ಬಡಿಯುತ್ತಿದೆ. ಬಡಿದು ಬಡಿದು ನರದ ಮೇಲಿನ ಹೊದಿಕೆ ಸವೆದಿದೆ. ಹಾಗಾಗಿ ಗಾಳಿ ಸೋಕಿದರೂ ಅದು ಬೆಂಕಿ ಬಿತ್ತೆಂದು ಮಿದುಳಿಗೆ ಚಾಡಿ ಹೇಳುತ್ತಿದೆ.

ನಾನು ಬೇಗ ಬೇಗ ಟೈಪ್ ಮಾಡಿದೆ. ಡಾಕ್ಟರೇ ಫೋನು ಇಸಿದುಕೊಂಡು ಓದಿದರು: "ಗಂಜಿ ಹೋದ ನೂಲಿನ ಎಳಿ ಮಗ್ಗದ ಹಣಗಿಗೆ ಉಜ್ಜಿ ಉಜ್ಜಿ ಸವದು ಜುಂಜು ಬಿಡತೈತಲ್ರಿ, ಹಂಗೇನ್ರಿ?"

"ಹಂಗ ರೀ! ನೀವು ನೇಕಾರರಾಗಿದ್ದು ತಿಳಿಸಿ ಹೇಳೂ ನನ್ನ ಕೆಲಸ ಕಡಿಮಿ ಮಾಡ್ತು ನೋಡ್ರಿ" ಎಂದು ನಕ್ಕರು.

ಯಜಮಾನರು ಇನ್ನೂ ಅನುಮಾನದಲ್ಲೇ ಇದ್ದರು. "ಹಂಗಾರ ಅಕಿ ಮನಸಿಗೆ ಏನೂ ಹಚಗೊಂಡಿಲ್ರಿ? ಮಂದಿ ಹಂಗ ಅನ್ನಾಕತ್ತಾರ."

"ಇಲ್ರಿ. ನೋವು ಖರೇನ ಐತಿ."

ಕಣ್ಣಲ್ಲಿ ನೀರು ಬಂತು. ನೀರು ಕೆನ್ನೆಗೆ ಇಳಿದರೆ ಹೊಡೆಯುತ್ತದೆ ಎಂದು ಬೇಗ ಸೆರಗಿನ ತುದಿ ಕಣ್ಣ ಕೆಳಗೆ ಹಿಡಿದೆ.

ಕೊಟ್ಟಿದ್ದು ಮೂರ್ಛೆರೋಗಕ್ಕೂ ಕೊಡುವ ಗುಳಿಗೆ. ಕೆರಳಿದ ನರವನ್ನು ಸುಮ್ಮನಾಗಿಸುತ್ತದಂತೆ. ಮೊದಲು ಸ್ವಲ್ಪ, ಆಮೇಲೆ ನಿಧಾನವಾಗಿ ಜಾಸ್ತಿ, ನಡುನಡುವೆ ರಕ್ತ ಪರೀಕ್ಷೆ. ಇದಕ್ಕೆ ಬಗ್ಗದಿದ್ದರೆ ಆಪರೇಷನ್ ಇದೆ, ಈಗಲೇ ಹೆದರಬೇಡಿ ಎಂದರು. ಮೊದಮೊದಲು ತಲೆ ತಿರುಗಿ ಗೋಡೆ ಹಿಡಿದು ನಡೆದೆ. ಸೊಸೆ ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ಚಮಚದಿಂದ ಎಡಗಡೆಗೆ ಇಡುತ್ತಿದ್ದಳು, ಕೂಸಿಗೆ ಉಣಿಸಿದಂತೆ. ಒಂದು ಮುಂಜಾನೆ ಮುಖ ತೊಳೆದು ಒರೆಸಿಕೊಂಡು ಒಲೆಯ ಹತ್ತಿರ ಬಂದು ಕೂತ ಮೇಲೆ ಹೊಳೆಯಿತು, ಬಲಗಡೆಯೂ ತೊಳೆದಿದ್ದೆ.

"ಏನ್ರೀ!" ಎಂದು ಕೂಗಿದೆ. ಯಜಮಾನರು ಮಗ್ಗ ಬಿಟ್ಟು ಓಡಿ ಬಂದರು. ಹೇಳುವುದು ಏನೂ ಇರಲಿಲ್ಲ. ಬಂದಿದ್ದಾರಲ್ಲ ಎಂದು ಚಪ್ಪಲಿ ಹಾಕಿಕೊಂಡು ಒಳಗೆ ಬಂದದ್ದಕ್ಕೆ ಬೈದೆ. ಅವರು ನಿಂತು ಪೂರ್ತಿ ಕೇಳಿಸಿಕೊಂಡರು.

ಬೆಳಗಲಿಗೆ ಹೋಗುವ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಕಬ್ಬಿನ ಗದ್ದೆಯ ಮೇಲಿಂದ ಬಂದ ಗಾಳಿ ಕೆನ್ನೆಗೆ ಬಡಿಯಿತು. ಸ್ವಲ್ಪ ಜುಮ್ಮೆಂದಿತು, ಅಷ್ಟೇ. ಬರೀ ಗಾಳಿ ಗಾಳಿಯಾಗಿಯೇ ಬರುವುದು ಎಷ್ಟು ದೊಡ್ಡ ಉಪಕಾರ ಎಂದು ನನಗೆ ಮೊದಲು ಗೊತ್ತೇ ಇರಲಿಲ್ಲ.

ಅಕ್ಕ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. "ಅಕ್ಕಾ" ಅಂದೆ. ಕೈ ನಿಂತಿತು.

"ಯಾರು?"

"ನಾನ."

"ನಾನ ಅಂದ್ರ? ಆ ಫೋನಿನಾಕಿಯೇನು?"

"ಆ ಫೋನಿನಾಕಿ ನಿನಗ ಕುರುಡ ಗೂಬಿ ಅಂತಾಳೇನು?"

ನಗು ಬಂತು ಅವಳಿಗೆ, ಆದರೆ ಕೈಗಳು ಮಾತ್ರ ಸೆರಗಿನೊಳಗೆ ಹೋದವು. ನಾನೇ ಎಳೆದು ತೆಗೆದೆ. ನರದ ಕಥೆಯನ್ನೆಲ್ಲ ಹೇಳಿದೆ. ಆಮೇಲೆ ಹೇಡಿಯ ಹಾಗೆ ಮೊದಲು ಎಡಗೆನ್ನೆಗೆ, ಉಸಿರು ಬಿಗಿಹಿಡಿದು ಬಲಗೆನ್ನೆಗೆ ಆ ಅಂಗೈಗಳನ್ನು ಇಟ್ಟುಕೊಂಡೆ. ಒತ್ತಲಿಲ್ಲ ಅವಳು, ಬಾಣಂತಿ ಕೂಸನ್ನು ಮುಟ್ಟುವಂತೆ ಮುಟ್ಟಿದಳು.

"ನೂಸಾಕತ್ತೈತೇನ?"

"ಇಲ್ಲ."

"ಸುಳ್ಳ ಹೇಳಬ್ಯಾಡ."

"ಇಲ್ಲ ಅಕ್ಕಾ."

"ಭಾಳ ಸೊರಗೀದಿ. ಒಂದ ಹಲ್ಲ ಎಲ್ಲಿ ಕಳಕೊಂಡಿ?"

"ನರ ಮಾಡಿದ ತಪ್ಪಿಗೆ ಹಲ್ಲಿಗೆ ಶಿಕ್ಷಾ ಆತು."

ನೋವು ಮತ್ತೆ ಬರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅದನ್ನೂ ಅಕ್ಕನಿಗೆ ಹೇಳಿದೆ, ಮುಂದೆ ನಾನು ಸುಮ್ಮನಾದರೆ ಅವಳು ತಪ್ಪು ತಿಳಿಯಬಾರದು. ಅವಳು ಹೂಂ ಅಂದಳು. ಅವಳ ಸೊಸೆ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು. ಅಕ್ಕ ಬಲಗೈಯನ್ನು ನನ್ನ ಕೆನ್ನೆಯಿಂದ ತೆಗೆಯಲೇ ಇಲ್ಲ. ನಾನು ಅಗಿಯುವಾಗ ದವಡೆ ಆಡುವುದನ್ನು ಅಂಗೈಯಿಂದ ನೋಡುತ್ತ ಕೂತಿದ್ದಳು.

"ಮೆಲ್ಲಕ ಅಗಿ ಬೇ" ಅಂದಳು. "ಯಾರೂ ಕಸಗೊಳ್ಳಂಗಿಲ್ಲ."